ದಿನ್ನೆಯ ನೆತ್ತಿಯಲ್ಲಿ ಎರಡು ಸಮ ಅಂಕಿ

ಕೈಯಿಂದ ನಕ್ಷೆ ಬರೆಯುವಾಗ ತಪ್ಪಾದರೆ ಏನು ಮಾಡುತ್ತಿದ್ದಿರಿ ಎಂದು ಈಗ ಈ ಕೆಲಸಕ್ಕೆ ಬರುವ ಹುಡುಗಿಯರು ಕೇಳುತ್ತಾರೆ. ಅರ್ಧ ಬ್ಲೇಡಿನಿಂದ ಕೆರೆಯುತ್ತಿದ್ದೆವು. ಟ್ರೇಸಿಂಗ್ ಕಾಗದದ ಮೇಲೆ ಒಣಗಿದ ಶಾಯಿಯನ್ನು ಬ್ಲೇಡಿನ ಮೂಲೆಯಿಂದ, ಉಸಿರು ಹಿಡಿದು, ಹಗುರವಾಗಿ. ಕೆರೆದ ಜಾಗ ಒರಟಾಗುತ್ತಿತ್ತು. ಉಗುರಿನಿಂದ ತಿಕ್ಕಿ ನುಣುಪು ಮಾಡಿ ಮತ್ತೆ ಗೆರೆ ಎಳೆಯುತ್ತಿದ್ದೆವು. ಆಮೇಲೆ ಅಮೋನಿಯಾ ಹಾಕಿ ಪ್ರಿಂಟ್ ತೆಗೆಯುವುದು, ಕಣ್ಣಲ್ಲಿ ನೀರು ಸುರಿಸಿಕೊಂಡು. ಇದನ್ನು ಹೇಳಿದರೆ ಅವರಿಗೆ ಕಥೆ ಕೇಳಿದಂತಾಗುತ್ತದೆ. ನಾನೂ ಕಥೆಯಂತೆಯೇ ಹೇಳುತ್ತ ಬಂದಿದ್ದೇನೆ. ಅದೇ ತೊಂದರೆ. ಹೇಳಿ ಹೇಳಿ ಎಲ್ಲ ನುಣುಪಾಗಿದೆ, ಯಾವುದು ನಡೆದದ್ದು ಯಾವುದು ತಿಕ್ಕಿದ್ದು ನನಗೇ ತಿಳಿಯದಾಗಿದೆ. ಆದ್ದರಿಂದ ಇದನ್ನು ಬರೆಯುವಾಗ ಆಗ ನನ್ನ ಜೊತೆ ಕೆಲಸ ಮಾಡಿದ, ಈಗ ನಿಪ್ಪಾಣಿಯಲ್ಲಿರುವ ಶಬಾನಾಗೆ ಆಗಾಗ ಫೋನು ಮಾಡಿ ಕೇಳಿದ್ದೇನೆ. ಅವಳು ಬೇರೆ ಹೇಳಿದ ಕಡೆ ಬೇರೆ ಎಂದೇ ಬರೆದಿದ್ದೇನೆ.

ನಾನು ಚಿಕ್ಕೋಡಿಯ ಒಂದು ಖಾಸಗಿ ಸರ್ವೆ ಆಫೀಸಿನಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದೆ. ಹೆಂಗಸಾದರೂ ಹುದ್ದೆಯ ಹೆಸರು ಅದೇ. ನಮ್ಮ ಹೆಚ್ಚಿನ ಕೆಲಸ ಪೈಪ್‌ಲೈನ್ ನಕ್ಷೆ. ಕೃಷ್ಣೆಯ ದಂಡೆಯಲ್ಲಿ ಮೋಟಾರು ಕೂರಿಸಿ, ಹತ್ತಾರು ರೈತರು ಸೇರಿ, ದೂರದ ಒಣಭೂಮಿಗೆ ನೀರು ಎತ್ತುತ್ತಾರಲ್ಲ, ಆ ಪೈಪು. ರಾಯಬಾಗ, ಅಥಣಿ, ಕಾಗವಾಡ ಕಡೆಯ ಎಷ್ಟೋ ಪೈಪುಗಳು ಮೊದಲು ನನ್ನ ಮೇಜಿನ ಮೇಲೆ ಗೆರೆಯಾಗಿ ಹೋದವು. ಬಡ್ತಿಯ ವಿಷಯ ಬರೆಯುವುದಿಲ್ಲ. ಆ ಆಫೀಸಿನಲ್ಲಿ ಬಡ್ತಿ ಎಂದರೆ ಕಿಟಕಿ ಪಕ್ಕದ ಮೇಜು. ಬರೆಯಬೇಕಾದದ್ದು ಭಯದ ವಿಷಯ. ಈ ಕೆಲಸದ ಬಹುಪಾಲು ಭಯವೇ, ಆದರೆ ಸೇರುವಾಗ ಅದನ್ನು ಯಾರೂ ಹೇಳುವುದಿಲ್ಲ.

ಒಂದು ಸಂಗತಿ ಮೊದಲೇ ತಿಳಿದಿರಬೇಕು. ಪೈಪು ನೆಲದ ಏರಿಳಿತದ ಜೊತೆ ಏರಿಳಿಯುತ್ತ ಹೋಗುತ್ತದೆ. ಎಲ್ಲಿ ಏರಿ ಮತ್ತೆ ಇಳಿಯುತ್ತದೋ ಆ ನೆತ್ತಿಯಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಅದು ಹೊರಹೋಗಲು ಅಲ್ಲೊಂದು ಏರ್‌ವಾಲ್ವ್ ಕೂರಿಸಬೇಕು. ಕೂರಿಸದಿದ್ದರೆ ಗಾಳಿ ಮುಂದೆ ತಡೆಯುತ್ತದೆ, ಮೋಟಾರು ಹಿಂದಿನಿಂದ ನೂಕುತ್ತದೆ, ನಡುವೆ ಪೈಪು ನಡುಗುತ್ತದೆ. ಒಂದೊಂದು ಸಲ ಸೀಳುತ್ತದೆ. ಒಂದೊಂದು ಸಲ ಏನೂ ಆಗುವುದಿಲ್ಲ. ನನ್ನ ನಿದ್ದೆ ಕೆಡಿಸಿದ್ದು ಈ ಎರಡನೆಯ ಮಾತು.

ನಮ್ಮ ಸಾಹೇಬರು, ಅಂದರೆ ಆಫೀಸಿನ ಮಾಲೀಕರು, ಒಂದು ಪದ್ಧತಿ ಇಟ್ಟಿದ್ದರು. ಹೊಲದಿಂದ ಬರೆದು ತಂದ ನೆಲದ ಎತ್ತರದ ಅಂಕಿಗಳನ್ನು ಹತ್ತಿರದ ಐದು ಸೆಂಟಿಮೀಟರಿಗೆ ದುಂಡು ಮಾಡಬೇಕು, ಹನ್ನೆರಡು ಇದ್ದರೆ ಹತ್ತು, ಹದಿಮೂರು ಇದ್ದರೆ ಹದಿನೈದು. ನಮ್ಮ ಕಡೆಯ ಕಪ್ಪು ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ, ಅಳತೆಕೋಲಿನ ಬುಡ ಅದರಲ್ಲಿ ಇಳಿಯುತ್ತದೆ. ಅಂಥ ನೆಲಕ್ಕೆ ಮಿಲಿಮೀಟರ್ ಬರೆಯುವುದು ಸುಳ್ಳು ಹೇಳಿದಂತೆ ಎನ್ನುವುದು ಅವರ ವಾದ. ವಾದ ಸರಿಯೇ. ಹಾಗಾಗಿ ನಮ್ಮ ಅಂಕಿಗಳಲ್ಲಿ ಅಕ್ಕಪಕ್ಕದ ಎರಡು ಜಾಗ ಒಂದೇ ಎತ್ತರ ಇರುವುದು ತೀರ ಸಾಮಾನ್ಯವಾಗಿತ್ತು. ಕಾಗದದ ಮೇಲೆ ಅದರಿಂದ ಏನೂ ಕೆಡುತ್ತಿರಲಿಲ್ಲ. ದಿನ್ನೆಯ ನೆತ್ತಿ ಮೊನಚಾಗುವ ಬದಲು ಚಪ್ಪಟೆಯಾಗಿ ಕಾಣುತ್ತಿತ್ತು. ಚಪ್ಪಟೆಯಾದರೂ ನೆತ್ತಿ ನೆತ್ತಿಯೇ ಎಂದು ಕಣ್ಣಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಕಂಪ್ಯೂಟರ್ ಬಂದಾಗ ಗೆರೆ ಎಳೆಯುವುದನ್ನು ಹೇಗೋ ಕಲಿತೆ. ಐವತ್ತು ದಾಟಿದ ಮೇಲೆ ಇನ್ನೊಂದು ಬಂತು. ನಕ್ಷೆ ಬರೆಯುವ ಆ ಸಾಫ್ಟ್‌ವೇರಿನ ಒಳಗೇ ಲಿಸ್ಪ್ ಎಂಬ ಭಾಷೆ ಇದೆ, ಅದರಲ್ಲಿ ಬರೆದು ಕೊಟ್ಟರೆ ನಕ್ಷೆಯ ಅರ್ಧ ಕೆಲಸ ತಾನೇ ಆಗುತ್ತದೆ ಎಂದು ಸಾಹೇಬರಿಗೆ ಯಾರೋ ಹೇಳಿದ್ದರು. ಆಗಷ್ಟೇ ನಿಪ್ಪಾಣಿಯಿಂದ ಎಂಜಿನಿಯರ್ ಆಗಿ ಬಂದ ಶಬಾನಾಗೆ ಅದು ಗೊತ್ತಿತ್ತು. ಸಾಹೇಬರು ನನ್ನ ಮೇಜಿನ ಮುಂದೆ ನಿಂತು, ಈಕಿ ಹೇಳಿಕೊಡ್ತಾಳ, ನೀವು ಕಲೀರಿ ಪದ್ಮಕ್ಕಾ ಎಂದರು. ಕಲಿಯದಿದ್ದರೆ ಏನು ಎಂಬುದನ್ನು ಹೇಳಲಿಲ್ಲ. ಹೇಳಿದ್ದರೆ ಒಳ್ಳೆಯದಿತ್ತು.

ಲಿಸ್ಪಿನಲ್ಲಿ ಎಲ್ಲವೂ ಪಟ್ಟಿ. ಕಂಸದೊಳಗೆ ಸಾಲಾಗಿ ನಿಂತ ವಸ್ತುಗಳು. ನಕ್ಷೆಯ ಮೇಲಿನ ಒಂದು ಚುಕ್ಕೆ ಕೂಡ ಮೂರು ಅಂಕಿಯ ಪಟ್ಟಿ. ಶಬಾನಾ ಪುಸ್ತಕದ ವಿವರಣೆ ಓದಿ ಹೇಳಿದಾಗ ನನಗೆ ತಿಳಿಯಲಿಲ್ಲ. ಅವಳು ಕನ್ನಡ ಮರಾಠಿ ಎರಡೂ ಬೆರೆಸಿ ಮತ್ತೆ ಹೇಳಿದಳು, ಆಗಲೂ ತಿಳಿಯಲಿಲ್ಲ. ಕಡೆಗೆ ಕಬ್ಬಿನ ಗಾಡಿ ತಂದಳು.

ಸೀಸನ್ನಿನಲ್ಲಿ ಸಕ್ಕರೆ ಕಾರ್ಖಾನೆಯ ಗೇಟಿನ ಮುಂದೆ ಗಾಡಿಗಳು ಸಾಲು ನಿಲ್ಲುತ್ತವೆ. ಮುಂದಿನ ಗಾಡಿ ಒಂದು, ಅದರ ಹಿಂದಿನ ಸಾಲು ಪೂರ್ತಿ ಇನ್ನೊಂದು. ಲಿಸ್ಪಿಗೆ ಗೊತ್ತಿರುವುದು ಈ ಎರಡೇ. ಮುಂದಿನದನ್ನು ಕೇಳುವುದಕ್ಕೆ ಕಾರ್ ಎನ್ನುತ್ತಾರೆ, ಉಳಿದ ಸಾಲನ್ನು ಕೇಳುವುದಕ್ಕೆ ಕುಡರ್. ಮೂರನೆಯ ಗಾಡಿ ಬೇಕಾದರೆ ಮುಂದಿನದನ್ನು ಎರಡು ಸಲ ಬಿಟ್ಟು ಆಮೇಲೆ ಕಾರ್ ಎನ್ನಬೇಕು. ಹೊಸ ಗಾಡಿ ಸೇರಿಸುವುದಕ್ಕೆ ಕನ್ಸ್. ಆದರೆ ಅದು ಹೋಗಿ ನಿಲ್ಲುವುದು ಸಾಲಿನ ಮುಂದೆ.

"ಕಡೀಕ ಬಂದಾಂವ ಮುಂದ ನಿಂದರ್ತಾನೇನು?" ಎಂದೆ.

"ಹೌದ್ರಿ ಅಕ್ಕಾ. ನುಗ್ಗಿ ನಿಂದರ್ತಾನ."

"ಮಂದಿ ಬಡಿಯೂದಿಲ್ಲೇನು?"

"ಲಿಸ್ಪಿನ್ಯಾಗ ಯಾರೂ ಏನೂ ಅನ್ನಂಗಿಲ್ರಿ."

ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು. ಯಾರೂ ಏನೂ ಅನ್ನುವುದಿಲ್ಲ. ಖಾಲಿ ಸಾಲಿನ ಮುಂದೆ ನಿಂತು ಮೊದಲ ಗಾಡಿ ಕೊಡು ಎಂದರೂ ಅದು ಬೈಯುವುದಿಲ್ಲ, ಸುಮ್ಮನೆ ನಿಲ್ ಎನ್ನುತ್ತದೆ, ಏನೂ ಇಲ್ಲ ಎಂದರ್ಥ. ತಪ್ಪು ಕೇಳಿದೆ ಎಂದು ಹೇಳುವುದಿಲ್ಲ. ಮನೆಯಲ್ಲಿ ರೊಟ್ಟಿ ಬಡಿದು ಬುಟ್ಟಿಯಲ್ಲಿ ಒಂದರ ಮೇಲೊಂದು ಇಡುವಾಗ ನಾನು ಕನ್ಸ್ ಕನ್ಸ್ ಎನ್ನುತ್ತಿದ್ದೆ. ಮೇಲಿನದು ಕಾರ್, ಕೆಳಗಿನದೆಲ್ಲ ಕುಡರ್. ನಮ್ಮ ಅತ್ತೆಗೆ ಕಿವಿ ಮಂದ. ಸೊಸೆಗೆ ಈ ವಯಸ್ಸಿನಲ್ಲಾದರೂ ಜಪ ಹಿಡಿಯಿತಲ್ಲ ಎಂದು ಬಸದಿಯಲ್ಲಿ ಹೇಳಿಕೊಂಡು ಬಂದರು.

ಮೊದಲ ಅವಾಂತರ ಹಾರೂಗೇರಿ ಕಡೆಯ ಒಂದು ನಕ್ಷೆಯಲ್ಲಿ ಆಯಿತು. ಅಂಕಿಗಳನ್ನು ಒಂದೊಂದಾಗಿ ಓದಿ ಕನ್ಸ್ ಮಾಡಿ ಪಟ್ಟಿ ಕಟ್ಟಿದ್ದೆ. ಪ್ರತಿಯೊಂದೂ ಮುಂದೆ ನುಗ್ಗಿ ನಿಂತದ್ದರಿಂದ ಪಟ್ಟಿ ಪೂರ್ತಿ ಹಿಂದುಮುಂದಾಯಿತು. ಪ್ರಿಂಟ್ ಬಂದಾಗ ಮೋಟಾರು ಹೊಲದಲ್ಲಿತ್ತು, ನದಿ ದಿನ್ನೆಯ ಮೇಲಿತ್ತು. ಸಾಹೇಬರು ಹಾಳೆಯನ್ನು ಹಿಡಿದು ನೋಡಿ, ತಲೆಕೆಳಗೆ ಮಾಡಿ ಮತ್ತೆ ನೋಡಿ, ಕೃಷ್ಣವ್ವ ಗುಡ್ಡಾ ಹತ್ಯಾಳಲ್ರಿ ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ನಿಂತೆ. ಪಟ್ಟಿಯನ್ನು ತಿರುಗಿಸಲು ರಿವರ್ಸ್ ಎಂಬ ಒಂದೇ ಶಬ್ದ ಸಾಕಾಗಿತ್ತು. ಆದರೆ ಅಷ್ಟು ದೊಡ್ಡ ತಪ್ಪು ಕಣ್ಣಿಗೆ ಕಂಡಿತು. ಸಣ್ಣದಾಗಿದ್ದರೆ?

ಆಮೇಲೆ ಏರ್‌ವಾಲ್ವಿನ ಪ್ರೋಗ್ರಾಮು. ಅದನ್ನು ನಾನೇ ಬರೆದೆ. ಶಬಾನಾ ಕಂಸಗಳನ್ನು ಸರಿ ಮಾಡಿಕೊಟ್ಟಳು. ಎತ್ತರದ ಅಂಕಿಗಳ ಪಟ್ಟಿಯಿಂದ ಮೊದಲ ಮೂರನ್ನು ನೋಡು. ನಡುವಿನದು ತನ್ನ ಹಿಂದಿನದಕ್ಕಿಂತ ಹೆಚ್ಚೋ? ಮುಂದಿನದಕ್ಕಿಂತಲೂ ಹೆಚ್ಚೋ? ಎರಡಕ್ಕೂ ಹೌದಾದರೆ ಅದು ನೆತ್ತಿ, ವಾಲ್ವಿನ ಗುರುತು ಹಾಕು. ಇಲ್ಲವಾದರೆ ಬಿಡು. ಆಮೇಲೆ ಮೊದಲನೆಯದನ್ನು ಕಳಚಿ ಉಳಿದ ಸಾಲಿಗೆ ಇದೇ ಪ್ರಶ್ನೆ ಕೇಳು, ಸಾಲು ಮುಗಿಯುವ ತನಕ. ಅದು ಮೊದಲ ಸಲ ಓಡಿ ಗೆರೆಯ ಮೇಲೆ ಗುರುತುಗಳು ತಾವಾಗಿ ಮೂಡಿದಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಕೆಲವು ಹಳೆಯ ನಕ್ಷೆಗಳ ಮೇಲೆ ಓಡಿಸಿ ನೋಡಿದೆವು, ಕೈಯಿಂದ ಹಾಕಿದ ಜಾಗಕ್ಕೂ ಯಂತ್ರ ಹಾಕಿದ ಜಾಗಕ್ಕೂ ತಾಳೆ ಬಿತ್ತು. ಆ ಹಳೆಯ ನಕ್ಷೆಗಳನ್ನು ಆರಿಸಿದ್ದು ಶಬಾನಾ ಎಂದು ನನ್ನ ನೆನಪು. ಮೊನ್ನೆ ಫೋನಿನಲ್ಲಿ ಅವಳು ನಕ್ಕಳು. "ಇಲ್ರಿ ಅಕ್ಕಾ, ನೀವ ಆರಿಸಿದ್ರಿ. ಚಂದ ಕಾಣೂವನ್ನ ಅಷ್ಟ ತಗದ್ ಕೊಟ್ರಿ." ಇರಬಹುದು. ಚಂದ ಕಾಣುವುದು ಮೊನಚು ನೆತ್ತಿಯೇ.

ಐನಾಪುರದ ಕೆಲಸ ಬಂದದ್ದು ಆ ಹೊತ್ತಿನಲ್ಲಿ. ರಾವಸಾಬಣ್ಣ ಎಂಬ ದ್ರಾಕ್ಷಿ ಬೆಳೆಗಾರರು ಮುಂದೆ ನಿಂತು ಕಟ್ಟಿದ ಗುಂಪು. ಪೈಪು ನದಿಯಿಂದ ಮೇಲೇರಿ, ಗಾಡಿದಾರಿ ಇರುವ ಒಂದು ದಿನ್ನೆ ದಾಟಿ, ಆಚೆಗಿನ ಇಳಿಜಾರಿನ ತೋಟಗಳಿಗೆ ಹೋಗಬೇಕು. ದಿನ್ನೆಯ ಈಚೆಯವರಿಗೆ ನೀರು ಸಿಗುವುದು ಖಾತ್ರಿ. ಆಚೆಯವರಿಗೆ, ನೀರು ಅದನ್ನು ದಾಟುವುದಿಲ್ಲ, ಈಚೆಯವರು ತಮ್ಮನ್ನು ಮುಂದೆ ಮಾಡಿ ಪೈಪು ಹಾಕಿಸಿಕೊಳ್ಳುತ್ತಿದ್ದಾರೆ ಎಂಬ ಸಂಶಯ. ರಾವಸಾಬಣ್ಣನ ತೋಟವೂ ಆಚೆಗೇ ಇದ್ದುದರಿಂದ ಅವರ ಮಾತಿನ ಮೇಲೆ ಎಲ್ಲರೂ ಒಪ್ಪಿದ್ದರು. ನಕ್ಷೆ ನನ್ನ ಪ್ರೋಗ್ರಾಮಿನಿಂದ ಹೊರಬಂತು. ಸಾಹೇಬರು ಸಹಿ ಹಾಕಿದರು. ಅದರಂತೆ ಕಾಲುವೆ ತೋಡಿ, ಪೈಪು ಇಟ್ಟು, ಮಣ್ಣು ಮುಚ್ಚಿದರು. ಅಮಾವಾಸ್ಯೆ ಕಳೆದ ಮರುದಿನ ಮುಂಜಾನೆ ಮೋಟಾರು ಚಾಲೂ ಮಾಡುವುದೆಂದು ನಿಶ್ಚಯವಾಯಿತು.

ಅಮಾವಾಸ್ಯೆಯ ದಿನ ಶಬಾನಾ ನನಗೆ ಹೊಸ ಪಾಠ ಕೊಟ್ಟಿದ್ದಳು: ಪಟ್ಟಿಯಲ್ಲಿ ಒಂದೇ ಅಂಕಿ ಬೆನ್ನಿಗೆ ಬೆನ್ನು ಹಚ್ಚಿ ಎರಡು ಸಲ ಬಂದಿದ್ದರೆ ಒಂದನ್ನು ಕಿತ್ತುಹಾಕುವುದು. ಕೈಗೆ ಸಿಕ್ಕಿದ್ದು ಐನಾಪುರದ ಅಂಕಿಗಳು, ಅವನ್ನೇ ಹಾಕಿದೆ. ಪಾಠ ಸರಿಬಂತು. ಬಂದ ಹೊಸ ಪಟ್ಟಿಯನ್ನು ಸುಮ್ಮನೆ ಏರ್‌ವಾಲ್ವಿನ ಪ್ರೋಗ್ರಾಮಿಗೆ ಕೊಟ್ಟೆ. ಯಾಕೆ ಕೊಟ್ಟೆ ಎಂದು ಈಗ ಹೇಳಲಾರೆ. ಅನುಮಾನದಿಂದ ಕೊಟ್ಟೆ ಎಂದು ಕೆಲವು ಕಡೆ ಹೇಳಿಕೊಂಡಿದ್ದೇನೆ, ಅದು ಸುಳ್ಳಿರಬೇಕು.

ನಕ್ಷೆಯಲ್ಲಿ ಇದ್ದುದಕ್ಕಿಂತ ಒಂದು ವಾಲ್ವ್ ಹೆಚ್ಚು ಬಂತು.

ಮತ್ತೆ ಒತ್ತಿದೆ. ಮತ್ತೆ ಅಷ್ಟೇ. ಎಲ್ಲಿ ಹೆಚ್ಚಾಯಿತು ಎಂದು ಹುಡುಕಿದೆ. ಗಾಡಿದಾರಿಯ ದಿನ್ನೆ. ಅಲ್ಲಿ ನೆತ್ತಿಯ ಮೇಲೆ ಅಕ್ಕಪಕ್ಕ ಎರಡು ಅಂಕಿ, ದುಂಡು ಮಾಡಿದ ಮೇಲೆ ಎರಡೂ ಒಂದೇ. ನನ್ನ ಪ್ರೋಗ್ರಾಮು ಮೊದಲನೆಯದನ್ನು ಕೇಳಿತ್ತು: ಹಿಂದಿನದಕ್ಕಿಂತ ಹೆಚ್ಚೋ? ಹೌದು. ಮುಂದಿನದಕ್ಕಿಂತ? ಇಲ್ಲ, ಸಮ. ಎರಡನೆಯದನ್ನು ಕೇಳಿತ್ತು, ಅದೂ ಇಲ್ಲ ಎಂದಿತ್ತು. ಎರಡೂ ನಿಜವನ್ನೇ ಹೇಳಿದ್ದವು. ಇಡೀ ದಾರಿಯಲ್ಲಿ ಎಲ್ಲಕ್ಕಿಂತ ಎತ್ತರದ ಜಾಗಕ್ಕೆ ವಾಲ್ವ್ ಇರಲಿಲ್ಲ. ನಕ್ಷೆಯ ಗೆರೆಯಲ್ಲಿ ದಿನ್ನೆ ಕಾಣುತ್ತಲೇ ಇತ್ತು, ನಾನೂ ನೋಡಿದ್ದೆ, ಸಾಹೇಬರೂ ನೋಡಿದ್ದರು. ಗುರುತು ಹಾಕುವುದು ಯಂತ್ರದ ಕೆಲಸ ಎಂದಾದ ಮೇಲೆ ನಮ್ಮ ಕಣ್ಣು ಆ ಕೆಲಸ ಬಿಟ್ಟಿತ್ತು.

ಸಾಹೇಬರಿಗೆ ತೋರಿಸಿದೆ. ಅವರು ಬೈಯಲಿಲ್ಲ, ಗಡಿಯಾರ ನೋಡಿದರು. ರಾವಸಾಬಣ್ಣನಿಗೆ ಫೋನು ಹಚ್ಚಿದರೆ ಎತ್ತಲಿಲ್ಲ. ಅಥಣಿಯಲ್ಲಿ ಇನ್ನೊಂದು ಕೆಲಸಕ್ಕೆ ಸಾಹೇಬರು ಹೋಗಲೇಬೇಕಿತ್ತು. ನೀವಿಬ್ರೂ ಹೋಗಿ ನೀರು ಬಿಡೂದನ್ನ ನಿಲ್ಲಸ್ರಿ ಎಂದರು. ನಾನು ಬರೆದವಳು, ಶಬಾನಾ ಕಲಿಸಿದವಳು. ಬಸ್ಸಿನಲ್ಲಿ ರಸ್ತೆ ಏರಿದಾಗಲೆಲ್ಲ ಇಳಿಯುವ ತನಕ ನಾನು ಮುಂದಿನ ಸೀಟಿನ ಕಂಬಿ ಹಿಡಿದಿದ್ದೆ. ಒಂದು ಕಡೆ ಅವಳು, ಆ ಪ್ರೋಗ್ರಾಮು ನಾನೂ ನೋಡಿದ್ದೆನಲ್ಲ ಅಕ್ಕಾ ಎಂದು ಶುರು ಮಾಡಿದಳು. ಸುಮ್ಮನಿರು ಎಂದೆ. ಆ ಲೆಕ್ಕ ಆಮೇಲೆ ಮಾಡಬಹುದಿತ್ತು.

ರಾವಸಾಬಣ್ಣ ತೋಟದ ಮನೆಯಲ್ಲಿದ್ದರು. ಸುತ್ತ ಆಗಷ್ಟೇ ಚಾಟಣಿ ಮಾಡಿದ ದ್ರಾಕ್ಷಿ, ಕತ್ತರಿಸಿದ ಬೋಳು ಬಳ್ಳಿಗಳು ತಂತಿಯ ಮೇಲೆ. ಈ ಹೊತ್ತಿನಲ್ಲಿ ನೀರು ಸಿಗದಿದ್ದರೆ ಚಿಗುರು ಏಳುವುದಿಲ್ಲ. ಅದು ನನಗೂ ಗೊತ್ತಿತ್ತು. ಚಹಾ ಬಂತು. ನಾನು ವಿಷಯ ಹೇಳಿದೆ, ಒಂದೇ ಉಸಿರಿನಲ್ಲಿ, ಬಹುಶಃ ಎರಡು ಸಲ.

"ಇವತ್ತ ಅಮಾಸಿ," ಎಂದರು. "ಇವತ್ತ ನೆಲಕ್ಕ ಸಲಿಕಿ ಹಚ್ಚೂದಿಲ್ಲ. ರೈತರ ಮನಿ ಮಗಳ ನೀನ, ನಿನಗ ಹೇಳಬೇಕೇನ್ ತಂಗಿ?"

"ಇವತ್ತ ಬ್ಯಾಡ್ರಿ ಅಣ್ಣಾರ. ನಾಳೆ ವಾಲ್ವ್ ಕೂಡಸ್ರಿ, ಆಮ್ಯಾಲ ನೀರ ಬಿಡ್ರಿ."

ನಾಳೆ ಮುಂಜಾನೆ ಎಲ್ಲರೂ ಸೇರುತ್ತಾರೆ ಎಂದು ಅವರು ನಿಧಾನವಾಗಿ ಹೇಳಿದರು. ದಿನ್ನೆಯ ಆಚೆಯವರು ಮೊದಲೇ ಅರ್ಧ ಮನಸ್ಸಿನಲ್ಲಿದ್ದಾರೆ. ಅವರ ಮುಂದೆ ಅದೇ ದಿನ್ನೆಯನ್ನು ಅಗೆಯುತ್ತ ನಿಂತರೆ, ನಕ್ಷೆ ತಪ್ಪು ಎಂಬ ಒಂದು ಮಾತು ಕಿವಿಗೆ ಬಿದ್ದರೆ, ಗುಂಪು ಅಲ್ಲೇ ಒಡೆಯುತ್ತದೆ. ಎರಡು ವರ್ಷ ಮನೆಮನೆ ತಿರುಗಿ ಕಟ್ಟಿದ್ದು. ಆಮೇಲೆ ನನ್ನನ್ನು ನೇರ ನೋಡಿದರು.

"ವಾಲ್ವ್ ಇಲ್ದ ಬಿಟ್ರ ಪೈಪ್ ಒಡೀತೈತೇನು?"

"ಗೊತ್ತಿಲ್ರಿ."

"ಒಡ್ಯೂದಿಲ್ಲೇನು?"

"ಅದೂ ಗೊತ್ತಿಲ್ರಿ."

"ಗೊತ್ತಿಲ್ಲ ಅಂತ ಹೇಳಾಕ ಚಿಕ್ಕೋಡಿಂದ ಬಸ್ ಹತ್ತಿ ಬಂದ್ರೇನ್ ಬೇ ಇಬ್ರೂ?"

"ಹೌದ್ರಿ," ಎಂದಳು ಶಬಾನಾ.

ಅವರು ಅವಳನ್ನು ನೋಡಿದ ರೀತಿ ನನಗೆ ಈಗಲೂ ಕಾಣುತ್ತದೆ. ಇದನ್ನು ಶಬಾನಾಗೆ ಕೇಳಿ ಖಾತ್ರಿ ಮಾಡಿಕೊಂಡಿಲ್ಲ, ಮಾಡಿಕೊಳ್ಳುವುದೂ ಇಲ್ಲ. ರಾವಸಾಬಣ್ಣ ಎದ್ದು ಚಪ್ಪಲಿ ಮೆಟ್ಟಿ ದಿನ್ನೆಯ ಕಡೆ ನಡೆದರು, ನಾವು ಹಿಂದೆ. ಮುಚ್ಚಿದ ಕಾಲುವೆಯ ಮಣ್ಣು ಇನ್ನೂ ಹಸಿ ಬಣ್ಣದಲ್ಲಿತ್ತು. ಅಲ್ಲಿ ನಿಂತು, ನಿಮ್ಮ ಮಷೀನಿಗೆ ಇಷ್ಟು ದೊಡ್ಡ ದಿನ್ನೆ ಹೇಗೆ ಕಾಣಲಿಲ್ಲ ಎಂದು ಕೇಳಿದರು. ಎರಡು ಅಂಕಿಗಳ ವಿಷಯವನ್ನು ಶಬಾನಾ ಬಿಡಿಸಿ ಹೇಳಿದಳು.

"ಅಣ್ಣತಮ್ಮರನ್ನ ಕೇಳಿದಂಗಾತು," ಎಂದರು ಅವರು. "ನೀ ದೊಡ್ಡಾಂವೇನು ಅಂದ್ರ, ಇಲ್ರಿ ನಾವಿಬ್ರೂ ಸಮಾ ಅಂದ್ರು. ಇಬ್ರೂ ಸಮಾ ಆಗಿ ಮನಿಗಿ ಹಿರ್ಯಾನ ಇಲ್ಲದಂಗಾತು."

ಆಮೇಲೆ ಕೊನೆಯ ಬಸ್ಸಿನ ಹೊತ್ತಾಯಿತು, ಹೋಗ್ರಿ ಎಂದರು. ಏನು ಮಾಡ್ತೀರಿ ಅಣ್ಣಾರ ಎಂದು ಕೇಳಿದೆ. ನೋಡೂನು ಎಂದರು. ನಮ್ಮ ಕಡೆ ನೋಡೂನು ಎಂಬ ಮಾತಿಗೆ ಹೌದು ಎಂದೂ ಇಲ್ಲ ಎಂದೂ ಅರ್ಥ ಮಾಡಿಕೊಂಡು ಕೆಟ್ಟವರು ಬಹಳ ಮಂದಿ ಇದ್ದಾರೆ.

ಇಲ್ಲಿಂದ ಮುಂದಿನದನ್ನು ನಾನು ವರ್ಷಗಟ್ಟಲೆ ಹೀಗೆ ಹೇಳಿದ್ದೇನೆ: ಮರುದಿನ ನಸುಕಿನಲ್ಲೇ ನಾವು ಮತ್ತೆ ಐನಾಪುರಕ್ಕೆ ಹೋದೆವು. ರಾವಸಾಬಣ್ಣ ದಿನ್ನೆ ಅಗೆಸಿ, ವಾಲ್ವ್ ಕೂರಿಸಿ, ಸೇರಿದವರಿಗೆಲ್ಲ ನಿಪ್ಪಾಣಿಯಿಂದ ಇದೊಂದು ಸಾಮಾನು ಬರುವುದು ತಡವಾಯಿತು ಎಂದು ಹೇಳಿಬಿಟ್ಟರು. ಮೋಟಾರು ಚಾಲೂ ಆಯಿತು. ವಾಲ್ವಿನ ಬಾಯಿಗೆ ಅವರು ಅಂಗೈ ಒಡ್ಡಿ ನಿಂತರು, ಗಾಳಿ ಅವರ ತೋಳನ್ನು ಹಿಂದಕ್ಕೆ ನೂಕಿತು, ನಾನು ಪಕ್ಕದಲ್ಲಿದ್ದೆ.

ಪಕ್ಕದಲ್ಲಿರಲಿಲ್ಲ. ಶಬಾನಾ ಇದನ್ನು ಫೋನಿನಲ್ಲಿ ಕೇಳಿ, "ನಾವು ಆಫೀಸಿನ್ಯಾಗ ಇದ್ವಿರಿ ಅಕ್ಕಾ" ಎಂದಳು. ಅವಳು ಹೇಳಿದ ಮೇಲೆ ಆಫೀಸು ನೆನಪಾಯಿತು. ಹೌದು, ಆ ಮುಂಜಾನೆ ನಾವು ಪ್ರೋಗ್ರಾಮು ತಿದ್ದುತ್ತ ಕೂತಿದ್ದೆವು, ಬೇರೇನೂ ಮಾಡಲು ಆಗುತ್ತಿರಲಿಲ್ಲ. 'ಹೆಚ್ಚೋ' ಎಂಬುದನ್ನು 'ಹೆಚ್ಚೋ ಸಮವೋ' ಎಂದು ಬದಲಿಸಿದೆವು. ದಿನ್ನೆಯ ಮೇಲೆ ವಾಲ್ವ್ ಬಂತು. ಸಪಾಟು ಹೊಲಗಳ ಉದ್ದಕ್ಕೂ ಹೆಜ್ಜೆಗೊಂದು ವಾಲ್ವ್ ಬಂತು. ಶಬಾನಾ ನಗಲಿಲ್ಲ, ನಾನೂ ನಗಲಿಲ್ಲ. ಅಳಿಸಿದೆವು. ಮೊದಲು ಸಮ ಅಂಕಿಗಳಲ್ಲಿ ಒಂದನ್ನು ಕಿತ್ತು, ಆಮೇಲೆ ಪ್ರಶ್ನೆ ಕೇಳುವಂತೆ ಬರೆದೆವು. ಅದು ಸರಿಬಂತು. ಸರಿಬಂದದ್ದನ್ನು ನೋಡಿ ಸಮಾಧಾನವಾಗಲಿಲ್ಲ. ಅದರಲ್ಲಿ ನಾನು ಇನ್ನೂ ಕೇಳದ ಪ್ರಶ್ನೆ ಯಾವುದು ಎಂದು ಮೊದಲ ಸಾಲಿನಿಂದ ಮತ್ತೆ ಓದತೊಡಗಿದೆ. ರಾವಸಾಬಣ್ಣನಿಗೆ ಫೋನು ಮಾಡಲು ಇಬ್ಬರಿಗೂ ಧೈರ್ಯವಿರಲಿಲ್ಲ.

ಅವರೇ ಮಾಡಿದರು. ಶಬಾನಾ ಎತ್ತಿ ಹಲೋ ಎಂದಳು, ಫೋನನ್ನು ನನ್ನ ಕಡೆ ಚಾಚಿದಳು. ಮಾತಿಲ್ಲ. ಬುಸ್ಸೆನ್ನುವ ಶಬ್ದ ಮಾತ್ರ, ಜೋರಾಗಿ, ಬಿಡದೆ. ಪೈಪು ಸೀಳಿತು ಎಂದುಕೊಂಡೆ. ಆದರೆ ಆ ಶಬ್ದದ ಹಿಂದೆ ಮಂದಿ ಮಾತಾಡುತ್ತಿದ್ದರು, ಯಾರೂ ಕೂಗುತ್ತಿರಲಿಲ್ಲ. ಶಬಾನಾ ತನ್ನ ಕಿವಿಯನ್ನು ಇನ್ನೊಂದು ಬದಿಯಿಂದ ತಂದು ಹಚ್ಚಿದಳು. ಅದು ಗಾಳಿ. ಅವರು ದಿನ್ನೆ ಅಗೆಸಿ ವಾಲ್ವ್ ಕೂರಿಸಿ, ಫೋನನ್ನು ಅದರ ಬಾಯಿಗೆ ಹಿಡಿದಿದ್ದರು. ನಾವು ತಲೆಗೆ ತಲೆ ಹಚ್ಚಿ ನಿಂತು ಕೇಳಿದೆವು. ಬಹಳ ಹೊತ್ತು ಬಂತು. ಆಮೇಲೆ ಸಣ್ಣಗಾಯಿತು, ನೀರು ತುಂಬಿ ವಾಲ್ವಿನ ಒಳಗಿನ ತೇಲುಗುಂಡು ಏರಿ ಬಾಯಿ ಮುಚ್ಚಿ ಟಕ್ ಎಂದಿತು.

"ಕೇಳಿತೇನ್ ತಂಗಿ?" ಎಂದರು ರಾವಸಾಬಣ್ಣ. "ನೀರ ಆಚೀಕ ಇಳ್ಯಾಕತ್ತೇತಿ."